ಮತಸೂತ್ರವಿಲ್ಲದ ಕಡೆ ಕೃಪೆ ಸಿಕ್ಕೀತೇ?

ಪ್ರಶ್ನೆ: ನಾನು ಅಮೆರಿಕದಲ್ಲಿ ನೆಲೆಸಿ ಬಹಳ ವರ್ಷಗಳಾದವು. ತಾಯಿ ತೀರಿಕೊಂಡ ಮೇಲೆ, ಚಿಕ್ಕಂದಿನಿಂದ ಹೇಳಿಕೊಂಡು ಬಂದ ಪ್ರಾರ್ಥನೆ ಬಾಯಿಗೆ ಬರುತ್ತದೆ, ಮನಸ್ಸಿಗೆ ಇಳಿಯುವುದಿಲ್ಲ. ಇತ್ತೀಚೆಗೆ ಸಹೋದ್ಯೋಗಿಯೊಬ್ಬರು ತಾವು ಹೋಗುವ ಯೂನಿಟೇರಿಯನ್ ಯೂನಿವರ್ಸಲಿಸ್ಟ್ ಸಭೆಗೆ ಒಂದು ಭಾನುವಾರ ನನ್ನನ್ನು ಕರೆದುಕೊಂಡು ಹೋಗಿದ್ದರು. ಅಲ್ಲಿ ಮೊದಲು ಬಟ್ಟಲಿನಾಕಾರದ ದೀಪವೊಂದನ್ನು ಹೊತ್ತಿಸಿದರು. ಬಳಿಕ ಒಬ್ಬೊಬ್ಬರೇ ಮುಂದೆ ಬಂದು ಮೇಣದಬತ್ತಿ ಹಚ್ಚಿ, ತಮ್ಮ ಸಂತೋಷವನ್ನೋ ದುಃಖವನ್ನೋ ಎರಡು ಮಾತಿನಲ್ಲಿ ಹೇಳಿದರು. ನನಗೆ ಅಳು ತಡೆಯಲಾಗಲಿಲ್ಲ. ಮನೆಗೆ ಬಂದ ಮೇಲೆ ಮಾತ್ರ ಅನುಮಾನ ಕಾಡುತ್ತಿದೆ. ದೇವರ ವಿಷಯದಲ್ಲೇ ಒಮ್ಮತವಿಲ್ಲದ ಕಡೆ ಕೃಪೆ ಎಲ್ಲಿಂದ ಬರಬೇಕು? ಇದು ಸಜ್ಜನರ ಒಂದು ಕ್ಲಬ್ ಅಷ್ಟೇ ಅಲ್ಲವೇ? ನಿಜವಾದ ಕಷ್ಟ ಎದುರಾದಾಗ ಇಂಥ ಜಾಗ ಧೈರ್ಯ ಕೊಟ್ಟೀತೇ?
— ಹೆಸರು ಬೇಡ

ಉತ್ತರ: ಕೃಪೆಯ ಮಾತು ಆ ಸಮುದಾಯಕ್ಕೆ ಹೊಸದಲ್ಲ; ಅದರ ಮೂಲದಲ್ಲೇ ಇದೆ. ನೀವು ನೋಡಿದ ಸಭೆ ಎರಡು ಪರಂಪರೆಗಳು 1961ರಲ್ಲಿ ಒಂದಾಗಿ ರೂಪುಗೊಂಡ ಸಂಘಟನೆಗೆ ಸೇರಿದ್ದು. ಆ ಎರಡರಲ್ಲಿ ಒಂದಾದ ಯೂನಿವರ್ಸಲಿಸ್ಟರು, ದೇವರ ಪ್ರೀತಿಯಿಂದ ಯಾವ ಜೀವವೂ ಶಾಶ್ವತವಾಗಿ ಹೊರಗುಳಿಯುವುದಿಲ್ಲ, ಕಡೆಗೆ ಎಲ್ಲರೂ ಉದ್ಧಾರವಾಗುತ್ತಾರೆ ಎಂದು ಸಾರಿದವರು. ನರಕದ ಭಯವನ್ನೇ ಧರ್ಮದ ಆಧಾರವೆಂದು ಬೋಧಿಸುತ್ತಿದ್ದ ಕಾಲದಲ್ಲಿ ಅದು ಸಣ್ಣ ಮಾತಾಗಿರಲಿಲ್ಲ. ಇನ್ನೊಂದು ಪರಂಪರೆ ಯೂನಿಟೇರಿಯನ್ನರದು; ದೇವರಲ್ಲಿ ತಂದೆ, ಮಗ, ಪವಿತ್ರಾತ್ಮ ಎಂಬ ಮೂವರಿಲ್ಲ, ಅವನು ಒಬ್ಬನೇ ಎಂದವರು ಅವರು. ಅವರ ಬೇರು ಇನ್ನೂ ಹಿಂದಕ್ಕೆ, ಇಂದಿನ ರೊಮೇನಿಯಾದಲ್ಲಿರುವ ಟ್ರಾನ್ಸಿಲ್ವೇನಿಯಾದವರೆಗೆ ಹೋಗುತ್ತದೆ. 1568ರಲ್ಲಿ ದೊರೆ ಜಾನ್ ಸಿಗಿಸ್ಮಂಡನ ಆಳ್ವಿಕೆಯಲ್ಲಿ ಟೋರ್ಡಾ ಎಂಬಲ್ಲಿ ಸೇರಿದ ಸಭೆ, ಬೋಧಕರು ತಮಗೆ ತಿಳಿದಂತೆ ಬೋಧಿಸಬಹುದು, ಬೋಧನೆಯ ಕಾರಣಕ್ಕೆ ಯಾರನ್ನೂ ಸೆರೆಗೆ ತಳ್ಳಬಾರದು ಎಂದು ಘೋಷಿಸಿತು. ಅದಕ್ಕೆ ಕೊಟ್ಟ ಕಾರಣವನ್ನು ಗಮನಿಸಿ: ನಂಬಿಕೆ ದೇವರ ಕೊಡುಗೆ. ಕೊಡುಗೆಯಾಗಿ ಬರಬೇಕಾದುದನ್ನು ಬಲವಂತದಿಂದ ತರಿಸಲಾಗದು ಎಂಬ ಅರಿವೇ ಇಲ್ಲಿ ಸ್ವಾತಂತ್ರ್ಯಕ್ಕೆ ತಳಹದಿ. ಆ ಘೋಷಣೆಯ ವ್ಯಾಪ್ತಿ ಸೀಮಿತವಾಗಿತ್ತು, ಅದು ಎಲ್ಲ ಧರ್ಮದವರಿಗೂ ಅನ್ವಯಿಸುತ್ತಿರಲಿಲ್ಲ. ಅದರ ಹಿಂದಿದ್ದ ಬೋಧಕ ಫ್ರಾನ್ಸಿಸ್ ಡೇವಿಡ್ ದೊರೆ ಬದಲಾದ ಮೇಲೆ ಬಂಧನಕ್ಕೊಳಗಾಗಿ, 1579ರಲ್ಲಿ ದೇವಾ ಕೋಟೆಯ ಸೆರೆಯಲ್ಲೇ ಪ್ರಾಣ ಬಿಟ್ಟರು.

ಇನ್ನು ಕ್ಲಬ್‌ನ ಮಾತು. ಕ್ಲಬ್‌ನಲ್ಲಿ ಅಭಿರುಚಿ ಹೊಂದುವವರು ಸೇರುತ್ತಾರೆ, ಹೊಂದದಿದ್ದರೆ ಬಿಟ್ಟುಹೋಗುತ್ತಾರೆ. ಇಲ್ಲಿ ಮತಸೂತ್ರದ ಜಾಗದಲ್ಲಿ ಒಡಂಬಡಿಕೆ ಇದೆ. ನಾವೆಲ್ಲರೂ ಇದನ್ನೇ ನಂಬುತ್ತೇವೆ ಎಂದು ಹೇಳುವ ಬದಲು, ನಾವು ಒಬ್ಬರೊಡನೊಬ್ಬರು ಹೀಗೆ ನಡೆದುಕೊಳ್ಳುತ್ತೇವೆ ಎಂದು ಮಾತು ಕೊಡುತ್ತಾರೆ. ಈ ಮಾತಿಗೆ ತಪ್ಪಿದರೆ ಮರಳಿ ಬಂದು ಮತ್ತೆ ಮಾತು ಕೊಡುವುದೂ ಅದರಲ್ಲೇ ಸೇರಿದೆ. ನನ್ನ ಮಟ್ಟಿಗೆ ಕೃಪೆ ಕೆಲಸ ಮಾಡುವುದು ಇಲ್ಲಿಯೇ. ಮೇಣದಬತ್ತಿ ಹಚ್ಚಿದ ಹೆಂಗಸು, ತನ್ನ ಮಗ ಮತ್ತೆ ಆಸ್ಪತ್ರೆ ಸೇರಿದ್ದಾನೆ ಎಂದಷ್ಟೇ ಹೇಳಿ ಕುಳಿತುಕೊಳ್ಳುತ್ತಾಳೆ ಎಂದುಕೊಳ್ಳಿ. ಯಾರೂ ಉಪದೇಶ ಮಾಡುವುದಿಲ್ಲ, ಇದೆಲ್ಲ ಒಳ್ಳೆಯದಕ್ಕೇ ಎಂದು ಹೇಳಲು ಬರುವುದಿಲ್ಲ. ಸಭೆ ಮುಗಿದು ಎಲ್ಲರೂ ಕಾಫಿಗೆ ನಿಂತಾಗ, ಅವಳಿಗೆ ಅಷ್ಟೇನೂ ಪರಿಚಯವಿಲ್ಲದ ಒಬ್ಬರು ಹತ್ತಿರ ಬಂದು, ಗುರುವಾರ ನಾನು ಬಿಡುವಾಗಿದ್ದೇನೆ, ಆಸ್ಪತ್ರೆಗೆ ನಾನೇ ಕಾರಿನಲ್ಲಿ ಕರೆದೊಯ್ಯುತ್ತೇನೆ ಎನ್ನುತ್ತಾರೆ. ಅವಳು ಅದನ್ನು ಗಳಿಸಿರಲಿಲ್ಲ, ಕೇಳಿಯೂ ಇರಲಿಲ್ಲ. ಅದು ದೇವರಿಂದ ಬಂತೋ ಮನುಷ್ಯರಿಂದ ಬಂತೋ ಎಂಬ ಬಗ್ಗೆ ಪಕ್ಕಪಕ್ಕದಲ್ಲಿ ಕುಳಿತ ಇಬ್ಬರ ಅಭಿಪ್ರಾಯ ಬೇರೆಯಾಗಿರಬಹುದು. ಅವಳಿಗೆ ಬಂದದ್ದಂತೂ ಬಂತು. ನಿಮ್ಮ ಅಳುವನ್ನೂ ನಾನು ಇದೇ ಬಗೆಯಲ್ಲಿ ಅರ್ಥಮಾಡಿಕೊಳ್ಳುತ್ತೇನೆ. ತಾಯಿಯ ಸಾವಿನ ನಂತರ ಏನನ್ನೂ ಸಾಬೀತುಪಡಿಸದೆ, ಯಾವುದನ್ನೂ ಒಪ್ಪಿಕೊಳ್ಳದೆ ಸುಮ್ಮನೆ ಕುಳಿತಿರಲು ಒಂದು ಜಾಗ ನಿಮಗೆ ಸಿಕ್ಕಿತು.

ಹೊಸ ಚೈತನ್ಯಕ್ಕಾಗಿ ಅವರಲ್ಲಿ ಕೆಲವು ಆಚರಣೆಗಳೂ ಇವೆ. ನನಗೆ ಬಹಳ ಪ್ರಿಯವಾದದ್ದು ಹೂವಿನ ಆಚರಣೆ. 1923ರಲ್ಲಿ ಪ್ರಾಗ್ ನಗರದಲ್ಲಿ ನಾರ್ಬರ್ಟ್ ಚಾಪೆಕ್ ಎಂಬ ಬೋಧಕರು ಇದನ್ನು ಆರಂಭಿಸಿದರು. ಬಂದವರೆಲ್ಲ ಒಂದೊಂದು ಹೂವು ತಂದು ಒಟ್ಟಿಗೆ ಇಡುತ್ತಾರೆ. ಹೊರಡುವಾಗ ಬೇರೆಯವರು ತಂದ ಹೂವೊಂದನ್ನು ಎತ್ತಿಕೊಂಡು ಹೋಗುತ್ತಾರೆ. ಬೇರೆ ಬೇರೆ ಹಿನ್ನೆಲೆಯಿಂದ ಬಂದು, ಹಳೆಯ ವಿಧಿಗಳಿಂದ ದೂರವಾಗಿದ್ದ ಜನರಿಗಾಗಿ ಅವರು ಯೋಚಿಸಿ ರೂಪಿಸಿದ ವಿಧಿ ಇದು. ಚಾಪೆಕ್ ಅವರನ್ನು ನಾಜಿಗಳು 1941ರಲ್ಲಿ ಬಂಧಿಸಿ ಮರುವರ್ಷ ಕೊಂದರು. ಅವರ ಆಚರಣೆ ಇಂದಿಗೂ ಪ್ರತಿ ವರ್ಷ ಅನೇಕ ಸಭೆಗಳಲ್ಲಿ ನಡೆಯುತ್ತಿದೆ.

ಧೈರ್ಯದ ಪ್ರಶ್ನೆಗೆ 1965ರಲ್ಲಿ ಅಮೆರಿಕದ ಅಲಬಾಮಾ ರಾಜ್ಯದ ಸೆಲ್ಮಾ ಪಟ್ಟಣದಲ್ಲಿ ನಡೆದದ್ದನ್ನು ನೆನೆಯಬೇಕು. ಕಪ್ಪು ಜನರ ಮತದಾನದ ಹಕ್ಕಿಗಾಗಿ ನಡೆಯುತ್ತಿದ್ದ ಹೋರಾಟಕ್ಕೆ ಬನ್ನಿ ಎಂದು ಮಾರ್ಟಿನ್ ಲೂಥರ್ ಕಿಂಗ್ ಧರ್ಮಗುರುಗಳಿಗೆ ಕರೆ ಕೊಟ್ಟಾಗ, ಬಾಸ್ಟನ್ನಿನಲ್ಲಿದ್ದ ಯೂನಿಟೇರಿಯನ್ ಯೂನಿವರ್ಸಲಿಸ್ಟ್ ಬೋಧಕ ಜೇಮ್ಸ್ ರೀಬ್ ಹೊರಟರು. ಅಲ್ಲಿ ಬಿಳಿಯರ ಗುಂಪೊಂದು ಹೊಡೆದ ಏಟಿಗೆ ಮಾರ್ಚ್ 11ರಂದು ಅವರು ಕೊನೆಯುಸಿರೆಳೆದರು. ಡೆಟ್ರಾಯ್ಟಿನ ಒಂದು ಸಭೆಯ ಸದಸ್ಯೆ, ಐದು ಮಕ್ಕಳ ತಾಯಿ ವಯೋಲಾ ಲಿಯುಝೊ, ಆ ಹೋರಾಟದ ಮೆರವಣಿಗೆಗೆ ಬಂದವರನ್ನು ತಮ್ಮ ಕಾರಿನಲ್ಲಿ ಊರಿಗೆ ಮುಟ್ಟಿಸುತ್ತಿದ್ದಾಗ ಮಾರ್ಚ್ 25ರಂದು ಗುಂಡಿಗೆ ಬಲಿಯಾದರು. ನಿಮ್ಮಿಂದ ಇಂಥದನ್ನು ಯಾರೂ ನಿರೀಕ್ಷಿಸುವುದಿಲ್ಲ. ಆದರೆ ಅವರಿಬ್ಬರೂ ಏಕಾಂಗಿಗಳಾಗಿ ಹೊರಟವರಲ್ಲ ಎಂಬುದು ಮುಖ್ಯ. ನ್ಯಾಯದ ಮಾತನ್ನು ವಾರವಾರವೂ ಕೇಳಿ, ಆಡಿ ರೂಢಿಯಾಗಿದ್ದ ಜನರ ನಡುವಿನಿಂದ ಹೊರಟವರು. ಅಪರಿಚಿತರ ಎದುರು ನಿಂತು ನನಗೆ ದುಃಖವಾಗಿದೆ ಎಂದು ಹೇಳುವುದು ಆ ರೂಢಿಯ ಮೊದಲ ಹೆಜ್ಜೆ, ಮತ್ತು ಬಹಳ ಜನರಿಗೆ ಅದೇ ಕಷ್ಟದ ಹೆಜ್ಜೆ.

ಕುಂದುಗಳನ್ನೂ ಹೇಳಬೇಕು. ಅದೇ ಸಂಘಟನೆ ಕೆಲವೇ ವರ್ಷಗಳಲ್ಲಿ ಕಪ್ಪು ಸದಸ್ಯರ ಅಧಿಕಾರದ ಪ್ರಶ್ನೆಯ ಮೇಲೆ ಒಡೆಯಿತು, ಅನೇಕರು ನೊಂದು ಹೊರನಡೆದರು. ಮಾತು ಜಾಸ್ತಿ, ಮೌನ ಕಡಿಮೆ ಎಂಬ ದೂರು ಕೆಲವು ಸಭೆಗಳ ಬಗ್ಗೆ ಇದೆ, ಅದರಲ್ಲಿ ಸತ್ಯವೂ ಇದೆ. ಆದ್ದರಿಂದ ಒಂದೇ ಭಾನುವಾರದಿಂದ ತೀರ್ಮಾನಕ್ಕೆ ಬರಬೇಡಿ. ಸದಸ್ಯರೊಬ್ಬರು ಕಾಯಿಲೆ ಬಿದ್ದರೆ ನೀವು ಏನು ಮಾಡುತ್ತೀರಿ, ನಿಮ್ಮೊಳಗೆ ಜಗಳವಾದರೆ ಹೇಗೆ ಬಗೆಹರಿಸಿಕೊಳ್ಳುತ್ತೀರಿ ಎಂದು ಅಲ್ಲಿನ ಬೋಧಕರನ್ನೇ ಕೇಳಿ. ಉತ್ತರ ಸ್ಪಷ್ಟವಾಗಿದ್ದರೆ ಅಲ್ಲಿನ ಸಣ್ಣ ಗುಂಪೊಂದಕ್ಕೆ ಸೇರಿ, ಏನಾದರೂ ಕೆಲಸ ವಹಿಸಿಕೊಳ್ಳಿ. ತಾಯಿ ಕಲಿಸಿದ ಪ್ರಾರ್ಥನೆಯನ್ನು ಅದಕ್ಕಾಗಿ ಬಿಡಬೇಕಾಗಿಲ್ಲ.

ಪ್ರಶ್ನೆ: ನನ್ನ ಪತಿ ನಾಸ್ತಿಕರು. ನಾವು ಭಾರತದವರು. ಇಂಥ ಸಭೆಯಲ್ಲಿ ನಮ್ಮಿಬ್ಬರಿಗೂ ಜಾಗವಿದೆಯೇ, ಅಥವಾ ಅತಿಥಿಗಳಾಗಿಯೇ ಉಳಿಯುತ್ತೇವೆಯೇ?
— ಇನ್ನೊಬ್ಬ ಓದುಗರು

ಉತ್ತರ: ನಿಮ್ಮ ಪತಿಗೆ ಖಂಡಿತ ಇದೆ. 1933ರಲ್ಲಿ, ದೇವರನ್ನು ಆಧರಿಸದೆ ಮನುಷ್ಯರ ಒಳಿತನ್ನೇ ಕೇಂದ್ರವಾಗಿಟ್ಟುಕೊಂಡ ಮಾನವತಾವಾದದ ಪ್ರಣಾಳಿಕೆ ಹೊರಬಂದಾಗ ಅದಕ್ಕೆ ಸಹಿ ಹಾಕಿದವರಲ್ಲಿ ಯೂನಿಟೇರಿಯನ್ ಬೋಧಕರು ಹಲವರಿದ್ದರು. ಇನ್ನು ಭಾರತದ ಮಾತು: ರಾಜಾ ರಾಮಮೋಹನ ರಾಯರು 1821ರಲ್ಲೇ ಕಲ್ಕತ್ತೆಯ ಯೂನಿಟೇರಿಯನ್ ಸಮಿತಿಯಲ್ಲಿದ್ದರು. ಈಗಿನ ಮೇಘಾಲಯದ ಖಾಸಿ ಬೆಟ್ಟಗಳಲ್ಲಿ ಹಾಜೋಮ್ ಕಿಸ್ಸೋರ್ ಸಿಂಗ್ 1887ರಲ್ಲಿ ಆರಂಭಿಸಿದ ಯೂನಿಟೇರಿಯನ್ ಸಮುದಾಯ ಈಗಲೂ ಇದೆ. ಆದರೆ ಅಮೆರಿಕದ ಹೆಚ್ಚಿನ ಸಭೆಗಳಲ್ಲಿ ಬಿಳಿಯರೇ ಬಹುಸಂಖ್ಯಾತರು. ನಿಮ್ಮ ದೇಶದ ಬಗ್ಗೆ ಹೇಳಿ ಎಂದು ಮೊದಲ ಕೆಲವು ವಾರ ಎಲ್ಲರೂ ಕೇಳಬಹುದು. ಬೇಸರವಾದರೆ ಹಾಗೆಂದು ನೇರವಾಗಿ ಹೇಳಿ; ಹೇಳಿದ್ದನ್ನು ಅವರು ಹೇಗೆ ಸ್ವೀಕರಿಸುತ್ತಾರೆ ಎಂಬುದನ್ನು ನೋಡಿದ ಮೇಲೆ ಸದಸ್ಯತ್ವದ ಪುಸ್ತಕಕ್ಕೆ ಸಹಿ ಹಾಕುವ ಯೋಚನೆ ಮಾಡಬಹುದು.