ಹದಿಮೂರನೆಯ ಚೀಲ ಎಲ್ಲಿ ಹೋಯಿತು?

ಪ್ರಿಯ ಕಥೆಗಾರರೇ,

ನಿಮ್ಮ ‘ನಗರ 2090’ ಕಳೆದ ವಾರ ಕೈಸೇರಿತು. ಎರಡು ಸಲ ಓದಿದೆ. ಮೊದಲ ಸಲ ಸಿಟ್ಟು ಬಂತು. ಸಿಟ್ಟು ಬಂದದ್ದು ಯಾಕೆಂದು ನೋಡಲು ಎರಡನೆಯ ಸಲ ಓದಿದೆ. ಹಿಂದಿರುಗಿಸುವ ಕಥೆಗಳ ಜೊತೆ ಎರಡು ಸಾಲಿನ ಚೀಟಿ ಇಡುವುದು ನನ್ನ ರೂಢಿ. ನಿಮಗೆ ಉದ್ದ ಬರೆಯುತ್ತಿದ್ದೇನೆ. ನಿಮ್ಮ ಒಪ್ಪಿಗೆ ಪಡೆದು, ಹೆಸರು ಬಿಟ್ಟು, ನಮ್ಮ ಪತ್ರಿಕೆಯಲ್ಲಿಯೇ ಅಚ್ಚು ಹಾಕುತ್ತಿದ್ದೇನೆ, ಏಕೆಂದರೆ ಇದೇ ಕಾಯಿಲೆಯ ಕಥೆಗಳು ಈ ವರ್ಷ ಬೇರೆ ನಾಲ್ಕು ಬಂದಿವೆ.

ಓದುಗರಿಗಾಗಿ ಕಥೆಯನ್ನು ಹೇಳಿಬಿಡುತ್ತೇನೆ. 2090ನೇ ಇಸವಿ, ಗಾಜಿನ ಗೋಪುರಗಳ ನಗರ. ದಿನಕ್ಕೆ ಇಷ್ಟು ಸಾಮಾನು ಎಂದು ಪ್ರತಿಯೊಬ್ಬನೂ ಕೊಳ್ಳಲೇಬೇಕು. ಮಣಿಕಟ್ಟಿನೊಳಗಿನ ಚಿಪ್ ಲೆಕ್ಕ ಇಡುತ್ತದೆ, ಕಡಿಮೆ ಕೊಂಡವರನ್ನು ‘ನಿಗಮ’ ಎತ್ತಿಕೊಂಡು ಹೋಗುತ್ತದೆ. ಕೆ-17 ಎಂಬ ನಾಯಕ ತನ್ನ ಅಜ್ಜನ ಹಳೆಯ ಕೊಡೆಯೊಂದನ್ನು ಬಚ್ಚಿಟ್ಟುಕೊಂಡಿದ್ದಾನೆ. ಕೊನೆಗೆ ಸಿಕ್ಕಿಬೀಳುತ್ತಾನೆ.

ಕೊಡೆ ಚೆನ್ನಾಗಿದೆ. ಕಾಗುಣಿತದ ತಪ್ಪುಗಳಿಲ್ಲ, ಇದು ಈಚೆಗೆ ಅಪರೂಪ. ಓದಿಸಿಕೊಂಡು ಹೋಗುತ್ತದೆ ಎಂಬುದನ್ನೂ ಒಪ್ಪುತ್ತೇನೆ. ಹೊಗಳಿಕೆ ಇಲ್ಲಿಗೆ ಮುಗಿಯಿತು.

ನಿಮ್ಮ ಮೊದಲ ವಾಕ್ಯ: “ಮಾನವೀಯ ಮೌಲ್ಯಗಳು ಮಾರುಕಟ್ಟೆಯ ಬಲಿಪೀಠದಲ್ಲಿ ಬಲಿಯಾಗಿದ್ದ ಆ ಕರಾಳ ಯುಗದಲ್ಲಿ ಆತ್ಮವಿಲ್ಲದ ಜನರು ಯಂತ್ರಗಳಂತೆ ಕೊಳ್ಳುತ್ತಿದ್ದರು.” ಇನ್ನೂ ಒಬ್ಬ ಮನುಷ್ಯನ ಮುಖ ಕಂಡಿಲ್ಲ, ಆಗಲೇ ಮೂರು ತೀರ್ಪು ಬಂದುಬಿಟ್ಟವು. ಯುಗ ಕರಾಳ, ಜನರಿಗೆ ಆತ್ಮವಿಲ್ಲ, ಮೌಲ್ಯ ಸತ್ತಿದೆ. ಇನ್ನು ಓದಿ ನಾನು ತಿಳಿದುಕೊಳ್ಳಬೇಕಾದದ್ದಾದರೂ ಏನು? ‘ಯಂತ್ರಗಳಂತೆ’ ಎಂಬ ಪದದ ಮೇಲೆ ನನಗೆ ವಿಶೇಷ ಕೋಪ. ಯಂತ್ರದಂತೆ ಕೊಳ್ಳುವವರನ್ನು ನೀವು ಎಲ್ಲಿ ನೋಡಿದ್ದೀರಿ? ಆಷಾಢದ ರಿಯಾಯಿತಿಯ ಮೊದಲ ದಿನ ಮಂಗಳೂರಿನ ಹಂಪನಕಟ್ಟೆಯ ಯಾವುದೇ ಸೀರೆ ಅಂಗಡಿಯ ಬಾಗಿಲಲ್ಲಿ ಹೋಗಿ ನಿಲ್ಲಿ. ಅಲ್ಲಿ ಯಂತ್ರ ಸಿಗುವುದಿಲ್ಲ. ಹೆದರಿಕೆ, ಆಸೆ, ಅತ್ತಿಗೆಯ ಮೇಲಿನ ಹಟ, ಗಂಡನಿಗೆ ಹೇಳಬೇಕಾದ ಸುಳ್ಳಿನ ತಾಲೀಮು ಎಲ್ಲವೂ ಸಿಗುತ್ತದೆ.

ಆರನೆಯ ಪುಟಕ್ಕೆ ಬರುತ್ತೇನೆ. “ಅವಳು ಅರ್ಥಹೀನವಾಗಿ ನಕ್ಕು ಹದಿನಾಲ್ಕನೆಯ ಕೈಚೀಲವನ್ನು ಖರೀದಿಸಿದಳು.” ಈ ಒಂದು ವಾಕ್ಯವೇ ನನ್ನಿಂದ ಇಷ್ಟೆಲ್ಲ ಬರೆಸುತ್ತಿರುವುದು.

‘ಅರ್ಥಹೀನವಾಗಿ’ ಎಂದು ಹೇಳಿದವರು ಯಾರು? ಅವಳಿಗೆ ಆ ನಗುವಿನಲ್ಲಿ ಅರ್ಥ ಇದ್ದಿರಬೇಕಲ್ಲ? ಚೀಲದ ಬಣ್ಣ ಯಾವುದು? ಜಿಪ್ ಎಳೆದು ನೋಡಿದಳೇ? ಒಳಗಿನ ಅಸ್ತರನ್ನು ಬೆರಳಿನಿಂದ ಸವರಿದಳೇ? ಹೊಸ ಚೀಲದೊಳಗೆ ಉಂಡೆ ಮಾಡಿ ತುರುಕಿದ ಕಾಗದ ಇರುತ್ತದೆ, ಅದನ್ನು ಅಂಗಡಿಯಲ್ಲೇ ತೆಗೆದಳೋ, ಮನೆಗೆ ಹೋಗಿ ಒಬ್ಬಳೇ ಇದ್ದಾಗ ತೆಗೆದಳೋ? ನಿಮ್ಮ ನಲವತ್ತೆರಡು ಪುಟಗಳಲ್ಲಿ ಒಬ್ಬನಿಗೂ ಒಂದು ವಸ್ತುವಾದರೂ ಇಷ್ಟವಾಗುವುದಿಲ್ಲ. ಎಲ್ಲರೂ ಕೊಳ್ಳುತ್ತಾರೆ, ಯಾರಿಗೂ ಏನೂ ಬೇಕಾಗಿಲ್ಲ. ಕೊಳ್ಳುಬಾಕತನದ ಬಗ್ಗೆ ಬರೆದ ಕಥೆಯಲ್ಲಿ ಆಸೆಯೇ ಇಲ್ಲದಿದ್ದರೆ ಅದು ಹಸಿವಿಲ್ಲದ ಊಟದ ವರ್ಣನೆಯ ಹಾಗಾಗುತ್ತದೆ. ಆ ಹೆಂಗಸನ್ನು ನೀವು ದೂರದಿಂದ ನೋಡಿ ಮೂಗು ಮುರಿದಿದ್ದೀರಿ, ಅಷ್ಟೇ.

ಇಷ್ಟು ಖಾರವಾಗಿ ಹೇಳಲು ಕಾರಣವಿದೆ. 1984ರಲ್ಲಿ ಇದೇ ತಪ್ಪಿಗೆ ನಾನು ಬೈಸಿಕೊಂಡಿದ್ದೇನೆ.

ಆಗ ಮಂಗಳೂರಿನ ಒಂದು ಸಣ್ಣ ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ ನನ್ನದು. ಒಂದೊಂದೇ ಅಕ್ಷರದ ಸೀಸದ ಮೊಳೆ ಜೋಡಿಸುವ ಕಾಲ. ಅಲ್ಲಿಂದ ಒಂದು ಮಾಸಪತ್ರಿಕೆ ಹೊರಡುತ್ತಿತ್ತು, ಅದರ ಸಂಪಾದಕರು ಸಂಜೆ ನಾಲ್ಕಕ್ಕೆ ಬಂದು ಚಪ್ಪಲಿಯನ್ನು ಬಾಗಿಲಾಚೆ ಬಿಟ್ಟು ಒಳಗೆ ಕೂರುತ್ತಿದ್ದರು. ಚಿನ್ನದ ಹುಚ್ಚಿನ ಒಬ್ಬ ಹೆಂಗಸಿನ ಕಥೆ ಬರೆದು ಅವರಿಗೆ ಕೊಟ್ಟೆ. ಅದರಲ್ಲಿ ಆಶ್ಚರ್ಯಸೂಚಕ ಚಿಹ್ನೆಗಳು ಎಷ್ಟಿದ್ದವೆಂದರೆ, ಕಂಪೋಸಿಟರ್ ಒಬ್ಬರು ಹಸ್ತಪ್ರತಿಯ ಮೇಲೆ ಕಣ್ಣಾಡಿಸಿ, “ನಮ್ಮ ಕೇಸಿನಲ್ಲಿ ಇಷ್ಟು ಮೊಳೆ ಇಲ್ಲ. ಮೊದಲ ಎರಡು ಪುಟಕ್ಕೆ ಸಾಕಾದೀತು, ಮತ್ತೆ ನೀವೇ ಬಾಯಿಯಲ್ಲಿ ಕೂಗಬೇಕು” ಎಂದರು. ಸಂಪಾದಕರು ನಗಲಿಲ್ಲ. ಕಥೆ ಓದಿ ಮುಗಿಸಿ ಕೇಳಿದರು: “ಅಲ್ಲ ಮಾರಾಯ, ಬಳೆ ಹಾಕಿಕೊಂಡ ಮೇಲೆ ಇವಳು ಕೈಯನ್ನು ಎಷ್ಟು ದೂರ ಚಾಚಿ ನೋಡುತ್ತಾಳೆ?” ನನಗೆ ಗೊತ್ತಿರಲಿಲ್ಲ. “ಅದು ಗೊತ್ತಿಲ್ಲದವನು ಅವಳಿಗೆ ಬೈಯಬಾರದು” ಎಂದು ಕಾಗದಗಳನ್ನು ಮಡಚಿ ವಾಪಸು ಕೊಟ್ಟರು.

ಮರುದಿನ ಅವರೇ ಹೇಳಿದ ಹಾಗೆ ರಥಬೀದಿಯ ಒಂದು ಚಿನ್ನದಂಗಡಿಗೆ ಹೋಗಿ, ಯಾರನ್ನೋ ಕಾಯುವವನ ಹಾಗೆ ಬೆಂಚಿನ ಮೇಲೆ ಕುಳಿತೆ. ಮೀನು ಮಾರಿ ಬಂದಿದ್ದ ಒಬ್ಬಾಕೆ ಬಂದರು. ಸಾಬೂನು ಹಚ್ಚಿ ಕೈ ತೊಳೆದುಕೊಂಡೇ ಬಂದಿದ್ದರು, ಆದರೂ ಬಳೆ ಮುಟ್ಟುವ ಮೊದಲು ಇನ್ನೊಮ್ಮೆ ಸೀರೆಯ ಸೆರಗಿಗೆ ಒರೆಸಿಕೊಂಡರು. ಅಂಗಡಿಯವರು ಸಾಬೂನು ನೀರು ಸವರಿ ಬಳೆ ಏರಿಸಿದರು. ಆಕೆ ಕೈ ಚಾಚಲೇ ಇಲ್ಲ. ಎದೆಗೆ ಹತ್ತಿರ, ಮಗುವಿನ ತಲೆ ಹಿಡಿದ ಹಾಗೆ ಹಿಡಿದುಕೊಂಡು ನೋಡಿದರು. ಬೆಲೆ ಕೇಳಿದರು, ಸೊಂಟದ ಗಂಟನ್ನು ಮುಟ್ಟಿ ನೋಡಿಕೊಂಡರು, ಬಳೆ ತೆಗೆಸಿದರು. ಆಮೇಲೆ ಖಾಲಿ ಮಣಿಕಟ್ಟನ್ನೂ ಅಷ್ಟೇ ಹೊತ್ತು ನೋಡಿದರು.

ನಾನು ಆ ಕಥೆಯನ್ನು ಮತ್ತೆ ಬರೆಯಲಿಲ್ಲ. ಬರೆಯುವ ಯೋಗ್ಯತೆ ಆಗ ಇರಲಿಲ್ಲ, ಬಹುಶಃ ಈಗಲೂ ಇಲ್ಲ.

ನಿಮ್ಮ ಹದಿನಾಲ್ಕನೆಯ ಚೀಲಕ್ಕೆ ಮರಳುತ್ತೇನೆ. ಹದಿಮೂರನೆಯದು ಎಲ್ಲಿ ಹೋಯಿತು? ಇಡೀ ನಗರ ದಿನವಿಡೀ ಕೊಳ್ಳುತ್ತದೆ, ಆದರೆ ಕಸದ ಬುಟ್ಟಿ ಒಂದೂ ಕಾಣುವುದಿಲ್ಲ. ಅಜ್ಜನ ಕೊಡೆ ಇದೆ, ಅಜ್ಜನ ನೆನಪಿನ ಒಂದು ಸಾಲು ಬಿಟ್ಟರೆ ನಲವತ್ತೆರಡು ಪುಟಗಳಲ್ಲಿ ಒಂದು ಹನಿ ಮಳೆ ಇಲ್ಲ. ನಿಮ್ಮ ವಿಳಾಸ ಸುರತ್ಕಲ್ಲಿನದು. ವರ್ಷಕ್ಕೆ 3500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ ಕುಳಿತು ನೀವು ಮಳೆಯನ್ನೇ ಮರೆತಿರಿ! (ಒಂದು ಮೊಳೆ ಖರ್ಚಾಯಿತು.) 2019ರ ಆಗಸ್ಟ್ ನೆನಪಿದೆಯೇ? ಪಚ್ಚನಾಡಿಯ ಕಸದ ಗುಡ್ಡ ಮಳೆಗೆ ಸಡಿಲವಾಗಿ ಜಾರಿ, ಕೆಳಗಿನ ಮಂದಾರದ ಅಡಿಕೆ ತೆಂಗಿನ ತೋಟಗಳ ಮೇಲೆ ಹರಿದು ಬಂತು, ಜನ ಮನೆ ಬಿಟ್ಟು ಏಳಬೇಕಾಯಿತು. ಮಂಗಳೂರಿನವರೆಲ್ಲರ ಹದಿಮೂರನೆಯ ಚೀಲ ಅಲ್ಲಿತ್ತು. ನನ್ನ ಮನೆಯದೂ ಇತ್ತು. ಮಳೆ ಮತ್ತು ಕಸ, ಈ ಎರಡನ್ನು ಬಿಟ್ಟು ನೀವು ಗಾಜಿನ ಗೋಪುರ ಕಟ್ಟಲು ಹೋದದ್ದೇಕೆ?

ಇನ್ನು ನಿಗಮ. ಕೊಳ್ಳದವರನ್ನು ಬೂಟುಗಾಲಿನಲ್ಲಿ ಒದೆಯುವ ನಿಗಮ ನನಗೆ ಹೆದರಿಕೆ ಹುಟ್ಟಿಸಲಿಲ್ಲ. ನಿಜವಾಗಿ ನಡೆದದ್ದು ಇದಕ್ಕಿಂತ ನಯವಾಗಿದೆ. 1924ರಲ್ಲಿ ಜಗತ್ತಿನ ದೊಡ್ಡ ಬಲ್ಬ್ ತಯಾರಕರು ಜಿನೀವಾದಲ್ಲಿ ಒಂದು ಕೂಟ ಕಟ್ಟಿಕೊಂಡರು. ಬಲ್ಬಿನ ಆಯುಸ್ಸನ್ನು 1000 ಗಂಟೆಗೆ ಇಳಿಸಬೇಕು, ಅದಕ್ಕಿಂತ ಹೆಚ್ಚು ಉರಿಯುವ ಬಲ್ಬ್ ಮಾಡಿದ ಕಾರ್ಖಾನೆ ದಂಡ ಕಟ್ಟಬೇಕು. ಕೊಳ್ಳುವವನ ಮೈಯನ್ನು ಯಾರೂ ಮುಟ್ಟಲಿಲ್ಲ. ಅವನು ಕತ್ತಲಲ್ಲಿ ಎದ್ದು ಅಂಗಡಿಗೆ ಹೋದ. 1932ರಲ್ಲಿ ಅಮೆರಿಕದ ಬರ್ನಾರ್ಡ್ ಲಂಡನ್ ಎಂಬಾತ ಒಂದು ಕಿರುಹೊತ್ತಗೆ ಬರೆದು, ಪ್ರತಿ ವಸ್ತುವಿಗೂ ಸರ್ಕಾರವೇ ಆಯುಸ್ಸು ಗೊತ್ತು ಮಾಡಬೇಕು, ಅವಧಿ ಮುಗಿದ ಮೇಲೂ ಬಳಸುವವರ ಮೇಲೆ ತೆರಿಗೆ ಹಾಕಬೇಕು ಎಂದು ಸೂಚಿಸಿದ. ಆರ್ಥಿಕ ಕುಸಿತಕ್ಕೆ ಮದ್ದು ಎಂದು ಹೇಳಿದ್ದು, ತಮಾಷೆಗಲ್ಲ. ನಿಮ್ಮ ಕೆ-17ನ ಕೊಡೆಗೆ ಆತ ಆಗಲೇ ತೆರಿಗೆ ಬರೆದಿಟ್ಟಿದ್ದ. ಅದೇ ವರ್ಷ ಅಚ್ಚಾದ, ಇಂಗ್ಲಿಷ್ ಲೇಖಕ ಆಲ್ಡಸ್ ಹಕ್ಸ್‌ಲಿಯ ‘ಬ್ರೇವ್ ನ್ಯೂ ವರ್ಲ್ಡ್’ ಕಾದಂಬರಿಯಲ್ಲಿ ಕೊಳ್ಳಿಸಲು ಪೊಲೀಸರೂ ಬೇಕಿಲ್ಲ, ತೆರಿಗೆಯೂ ಬೇಕಿಲ್ಲ. ಹಳೆಯ ಬಟ್ಟೆ ಹೊಲಿಯುವುದಕ್ಕಿಂತ ಎಸೆಯುವುದು ಲೇಸು ಎಂದು ಮಕ್ಕಳ ಕಿವಿಗೆ ನಿದ್ದೆಯಲ್ಲೇ ಹೇಳಿಕೊಡುತ್ತಾರೆ. ಬರ್ನಾರ್ಡ್ ಲಂಡನ್ ಕೇಳಿದ ಕಾನೂನು ಬರಲಿಲ್ಲ. ಯಾಕೆ ಬರಲಿಲ್ಲ ಎಂಬುದನ್ನು ನಮ್ಮ ಊರಿನಲ್ಲೇ ನೋಡಬಹುದು: ತಿಂಗಳಿಗೆ ಸಾವಿರ ಕಟ್ಟುವ ಸ್ಕೀಮುಗಳಿಗೆ ಸೇರಿ, ಕಾರಿನ ಡ್ರಾ ನಡೆಯುವ ರಾತ್ರಿ ಮೊಬೈಲ್ ಹಿಡಿದು ಎಚ್ಚರ ಕೂರುವವರನ್ನು ಯಾವ ನಿಗಮವೂ ಒದ್ದು ಕೂರಿಸಿಲ್ಲ.

ಮುಂದೆ ಅಜ್ಜ. ಪುಟ ಇಪ್ಪತ್ತೆಂಟರಿಂದ ಮೂವತ್ತೊಂದರವರೆಗೆ, ನೆನಪಿನಲ್ಲಿ ಬಂದು ನಿಂತು ಭಾಷಣ ಮಾಡುತ್ತಾರೆ. “ಮಗನೇ, ನಾವು ವಸ್ತುಗಳನ್ನು ಹೊಂದಿಲ್ಲ, ವಸ್ತುಗಳೇ ನಮ್ಮನ್ನು ಹೊಂದಿವೆ.” ನಮ್ಮ ಕಡೆಯ ಯಾವ ಅಜ್ಜನೂ ವಸ್ತುಗಳನ್ನು ‘ಹೊಂದುವುದಿಲ್ಲ’. ಅವರ ಹತ್ತಿರ ಕೊಡೆ ಇರುತ್ತದೆ, ಅಥವಾ ಇರುವುದಿಲ್ಲ. ಈ ಮಾತನ್ನು ಆಟೋರಿಕ್ಷಾದ ಬೆನ್ನ ಮೇಲೆ ಓದಿದ ನೆನಪೂ ನನಗಿದೆ. ಅದರ ಮುಂದಿನ ವಾಕ್ಯ: “ಕೊಡೆಯು ಅವನಿಂದ ಭದ್ರವಾಗಿ ಅಡಗಿಸಿಡಲ್ಪಟ್ಟಿತ್ತು.” ಕೊಡೆಯನ್ನು ಅಡಗಿಸಿಟ್ಟಿದ್ದ ಎಂದರೆ ಕೊಡೆ ಬೇಸರ ಮಾಡಿಕೊಳ್ಳುವುದಿಲ್ಲ. ಭಾಷಣ ಪೂರ್ತಿ ತೆಗೆಯಿರಿ. ಒಂದು ಸಾಲು ಉಳಿಸಿ, ಮೂವತ್ತೊಂದನೆಯ ಪುಟದ ಕೊನೆಯದು: “ಅಜ್ಜ ಕೊಡೆಯನ್ನು ಒಣಗಿಸಲು ಬಿಡಿಸಿಟ್ಟು, ತಾನು ನೆನೆದೇ ಒಳಗೆ ಹೋಗುತ್ತಿದ್ದರು.” ಇದನ್ನು ನೀವು ಕಂಡು ಬರೆದಿದ್ದೀರಿ. ಉಳಿದದ್ದನ್ನು ಯಾರದೋ ಅನುವಾದದಿಂದ ತಂದಿರಿ ಎನಿಸುತ್ತದೆ.

ಕಳೆದ ಆಟಿಯಲ್ಲಿ ಒಂದು ಸಭಾಂಗಣದ ಕಾರ್ಯಕ್ರಮಕ್ಕೆ ಹೋಗಿದ್ದೆ. ಆಟಿಯೆಂದರೆ ತುಳುನಾಡಿನ ಮಳೆಗಾಲದ, ಹೊರಗೆ ಕೆಲಸವಿಲ್ಲದ, ಒಳಗೆ ಅಕ್ಕಿಯಿಲ್ಲದ ತಿಂಗಳು. ತಜಂಕು ಸೊಪ್ಪು, ಕೆಸು, ಕಣಿಲೆ ಎಂಬ ಎಳೆ ಬಿದಿರು, ಉಪ್ಪಿನಲ್ಲಿಟ್ಟ ಹಲಸಿನ ತೊಳೆಯಾದ ಉಪ್ಪುಸೊಳೆ, ಇವುಗಳಲ್ಲಿ ನನ್ನ ಅಮ್ಮ ದಿನ ದೂಡಿದ್ದನ್ನು ಬಲ್ಲೆ. ಸಭಾಂಗಣದಲ್ಲಿ ಅವೆಲ್ಲ ಸ್ಟೀಲಿನ ಪಾತ್ರೆಗಳಲ್ಲಿ, ಕೆಳಗೆ ದೀಪ ಉರಿಸಿಕೊಂಡು ಸಾಲಾಗಿ ಬಿಸಿಯಾಗಿದ್ದವು. ಕೂಪನ್ ಹರಿದು ಕೊಟ್ಟರೆ ಊಟ. ನನ್ನ ಮುಂದಿದ್ದ ಹುಡುಗಿ ತಟ್ಟೆಯ ಫೋಟೋ ತೆಗೆದು, ತಜಂಕನ್ನು ಹಾಗೆಯೇ ಬಿಟ್ಟು ಐಸ್‌ಕ್ರೀಮಿನ ಕಡೆ ಹೋದಳು. ಇದು ಕಥೆಯಲ್ಲವೇ ಎಂದು ಯೋಚಿಸುತ್ತ ನಾನು ಎರಡನೆಯ ಸಲ ಪತ್ರೊಡೆ ಹಾಕಿಸಿಕೊಂಡೆ. ನಿಜ ಹೇಳಬೇಕೆಂದರೆ ರುಚಿಯಾಗಿತ್ತು. ಅಮ್ಮ ಮಾಡುತ್ತಿದ್ದುದಕ್ಕಿಂತ ಎಣ್ಣೆ ಧಾರಾಳ.

ನೀವು ಕೆ-17ನನ್ನು ಸುರತ್ಕಲ್ಲಿಗೆ ಕರೆತನ್ನಿ. 2090 ಇರಲಿ, ಗೋಪುರವೂ ಬೇಕಾದರೆ ಇರಲಿ, ಜೂನ್ ತಿಂಗಳೂ ಇರಲಿ. ಅವನಿಗೊಂದು ಹೆಸರಿಡಿ. ಹೊಸ ಕೊಡೆಯೊಂದು ಅವನಿಗೆ ನಿಜಕ್ಕೂ ಇಷ್ಟವಾಗಬೇಕು, ಅಂಗಡಿಯಲ್ಲಿ ಬಿಡಿಸಿ ಮುಚ್ಚಿ, ಮತ್ತೆ ಬಿಡಿಸಿ ನೋಡುವಷ್ಟು. ಆ ಹೊತ್ತಿನಲ್ಲಿ ಮನೆಯಲ್ಲಿರುವ ಹಳೆಯದರ ಗತಿ ಏನು ಎಂಬಲ್ಲಿಂದ ಕಥೆ ತೊಡಗಲಿ. ಹದಿನೈದು ಪುಟ ಸಾಕು. ದೀಪಾವಳಿ ಸಂಚಿಕೆಗೆ ಸೆಪ್ಟೆಂಬರ್ ಕೊನೆಯವರೆಗೆ ಕಾಯುತ್ತೇನೆ.

ಹಸ್ತಪ್ರತಿಯ ಅಂಚಿನಲ್ಲಿ ಪೆನ್ಸಿಲಿನ ಗುರುತುಗಳಿವೆ, ಕೆಲವು ಸಿಟ್ಟಿನಲ್ಲಿ ಹಾಕಿದವು, ಅಳಿಸಲಿಲ್ಲ. ಇನ್ನೊಂದು ಸ್ವಂತದ ವಿಷಯ. ನನ್ನ ಕೊಡೆಯ ಒಂದು ಕಡ್ಡಿ ಮುರಿದು ಎರಡು ಮಳೆಗಾಲವಾಯಿತು. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದ ಹತ್ತಿರ ಕೂರುತ್ತಿದ್ದ ಕೊಡೆ ರಿಪೇರಿಯವರು ಈಗ ಕಾಣುತ್ತಿಲ್ಲ. ನಿಮ್ಮ ಸುರತ್ಕಲ್ ಪೇಟೆಯಲ್ಲಿ ಯಾರಾದರೂ ಇನ್ನೂ ಕೂರುತ್ತಿದ್ದರೆ, ತಿದ್ದಿದ ಕಥೆಯ ಜೊತೆ ಜಾಗ ಬರೆದು ತಿಳಿಸಿ.

ಇಂತು ನಿಮ್ಮ,
ಸಂಪಾದಕ