ಗುಂಯ್‌ಗುಟ್ಟುವ ಕಂಪ್ರೆಸರ್‌ಗೆ ಹೊಸ ಮೋಟರ್ ಮದ್ದಲ್ಲ

ಖಾಲಿ ಟ್ಯಾಂಕಿನಲ್ಲಿ ಸಲೀಸಾಗಿ ಓಡುವ ಕಂಪ್ರೆಸರ್, ಗಾಳಿ ತುಂಬಿ ಒಮ್ಮೆ ನಿಂತ ಮೇಲೆ ಮತ್ತೆ ಶುರುವಾಗದೆ ಗುಂಯ್‌ಗುಟ್ಟಿ ಎಂಸಿಬಿಯನ್ನು (ಕರೆಂಟ್ ಮಿತಿಮೀರಿದರೆ ತಾನಾಗಿ ಬೀಳುವ ಸ್ವಿಚ್) ಬೀಳಿಸುತ್ತಿದೆ, ಮೋಟರ್ ಬದಲಿಸಲೇ ಅಥವಾ ಹೊಸ ಯಂತ್ರವನ್ನೇ ಕೊಳ್ಳಲೇ ಎಂದು ಕೇಳಿದ್ದೀರಿ. ಸದ್ಯಕ್ಕೆ ಎರಡೂ ಬೇಡ. ನನ್ನ ಗ್ಯಾರೇಜಿನ ಕಂಪ್ರೆಸರ್‌ಗೂ ಇದೇ ರೋಗ ತಗುಲಿತ್ತು. ಅದರಲ್ಲಿ ಸರಿಯಾಗಿಯೇ ಇದ್ದ ಮೋಟರನ್ನು ನಾನು ಕೈಯಾರೆ ಸುಟ್ಟೆ.

ಆ ಸದ್ದು ಕೇಳಿದೊಡನೆ ನನ್ನ ಅನುಮಾನ ಹೋದದ್ದು ಮೋಟರ್ ಶುರುವಾಗಲು ಮೊದಲ ಒದೆತ ಕೊಡುವ ಸ್ಟಾರ್ಟ್ ಕೆಪಾಸಿಟರ್ ಮೇಲೆ. ಕೆಲಸಕ್ಕೆ ಕೈಹಾಕುವ ಮುನ್ನ ಟ್ಯಾಂಕಿನ ಗಾಳಿಯನ್ನು ಪೂರ್ತಿ ಬಿಡಬೇಕೆಂಬ ಎಚ್ಚರವಿದ್ದುದರಿಂದ ಹಾಗೆಯೇ ಮಾಡಿ, ಕೆಪಾಸಿಟರ್ ಬದಲಿಸಿ, ಸ್ವಿಚ್ ಹಾಕಿದೆ. ಮೋಟರ್ ತಕ್ಷಣ ಓಡಿತು. ನಾನು ಎಡವಿದ್ದು ಇಲ್ಲಿಯೇ. ಅದು ಓಡಿದ್ದು ಹೊಸ ಕೆಪಾಸಿಟರ್‌ನಿಂದಲ್ಲ, ಟ್ಯಾಂಕ್ ಖಾಲಿ ಇದ್ದುದರಿಂದ. ಅಂದರೆ ನನ್ನ ಎಚ್ಚರಿಕೆಯೇ ಪ್ರತಿ ಸಲವೂ ನನ್ನ ಪರೀಕ್ಷೆಯನ್ನು ಸುಳ್ಳು ಮಾಡುತ್ತಿತ್ತು: ಯಾವ ಭಾಗವನ್ನು ಬದಲಿಸಿದರೂ, ಏನನ್ನೂ ಬದಲಿಸದೆ ಬರೀ ಗಾಳಿ ಬಿಟ್ಟಿದ್ದರೂ, ಅದು ಓಡಿಯೇ ಓಡುತ್ತಿತ್ತು. ಆಮೇಲೆ ಒತ್ತಡ ಇಳಿದು ಮರಳಿ ಚಾಲೂ ಆಗಬೇಕಾದಾಗ ಮತ್ತೆ ಅದೇ ಗುಂಯ್. ನಾನು ಎಂಸಿಬಿಯನ್ನು ಎತ್ತುವುದು, ಅದು ಬೀಳುವುದು, ಮತ್ತೆ ಎತ್ತುವುದು. ತಿರುಗಲಾರದೆ ಸಿಕ್ಕಿಕೊಂಡ ಮೋಟರ್ ಸಾಮಾನ್ಯಕ್ಕಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ, ಮತ್ತು ಆ ಕರೆಂಟ್ ಅಷ್ಟೂ ಸುರುಳಿಯಲ್ಲಿ ಶಾಖವಾಗುತ್ತದೆ. ವಾರ್ನಿಷ್ ಸುಟ್ಟ ಕಮಟು ವಾಸನೆ ಬಂದಾಗ ಆ ಸುರುಳಿಯ, ಅಂದರೆ ವೈಂಡಿಂಗ್‌ನ, ಕತೆ ಮುಗಿದಿತ್ತು.

ನಿಜವಾದ ಕಾರಣ, ಒತ್ತಡ ನೋಡಿ ಮೋಟರನ್ನು ನಿಲ್ಲಿಸಿ ಶುರುಮಾಡುವ ಪ್ರೆಷರ್ ಸ್ವಿಚ್ಚಿನ ಪಕ್ಕಕ್ಕಿರುವ ಪುಟ್ಟ ಅನ್‌ಲೋಡರ್ ವಾಲ್ವ್. ಗ್ಯಾರೇಜಿನ ಸಣ್ಣ ಯಂತ್ರಗಳು ಸಾಮಾನ್ಯವಾಗಿ ಸುಮಾರು 8 ಬಾರ್ (ಬಾರ್ ಎಂದರೆ ಒತ್ತಡದ ಅಳತೆ) ಆದಾಗ ನಿಂತು, 6 ಬಾರ್ ಆಸುಪಾಸಿಗೆ ಇಳಿದಾಗ ಮತ್ತೆ ಶುರುವಾಗುತ್ತವೆ. ನಿಂತ ಕ್ಷಣದಲ್ಲಿ ಪಿಸ್ಟನ್ ತಲೆಯಿಂದ ಟ್ಯಾಂಕಿನವರೆಗಿನ ಕೊಳವೆಯಲ್ಲಿ ಉಳಿದ ಗಾಳಿಯನ್ನು ಈ ವಾಲ್ವ್ 'ಸುಸ್' ಎಂದು ಹೊರಬಿಡುತ್ತದೆ; ಟ್ಯಾಂಕಿನ ಗಾಳಿ ಹಿಂದಕ್ಕೆ ಬರದಂತೆ ಚೆಕ್ ವಾಲ್ವ್ ತಡೆಯುತ್ತದೆ. ಹೀಗಾಗಿ ಮುಂದಿನ ಸಲ ಮೋಟರ್ ಹೊರೆಯಿಲ್ಲದೆ ಶುರುವಾಗುತ್ತದೆ. ನನ್ನ ಯಂತ್ರದಲ್ಲಿ ಅನ್‌ಲೋಡರ್ ವಾಲ್ವಿಗೆ ಬರುವ ತೆಳು ಕೊಳವೆಯೊಳಗೆ ಮಸಿ ಮತ್ತು ಎಣ್ಣೆ ಸೇರಿ ಕಪ್ಪು ಮೇಣದಂತೆ ಗಟ್ಟಿಯಾಗಿತ್ತು, ವಾಲ್ವಿನ ಪಿನ್ ಕೂಡ ಅಂಟಿಕೊಂಡಿತ್ತು. ಸುಸ್ ಸದ್ದು ಯಾವಾಗ ನಿಂತುಹೋಯಿತೋ ನಾನು ಗಮನಿಸಿರಲೇ ಇಲ್ಲ; ಇಲ್ಲದ ಸದ್ದಿಗೆ ಯಾರು ಕಿವಿಗೊಡುತ್ತಾರೆ?

ಆದ್ದರಿಂದ ಯಂತ್ರವನ್ನು ಖಾಲಿ ಟ್ಯಾಂಕಿನಿಂದ ಒಮ್ಮೆ ತುಂಬಿಸಿ, ಅದು ತಾನಾಗಿ ನಿಲ್ಲುವ ಗಳಿಗೆಯಲ್ಲಿ ಸ್ವಿಚ್ಚಿನ ಹತ್ತಿರ ಕಿವಿಗೊಟ್ಟು ನಿಲ್ಲಿ. ಕ್ಷಣಕಾಲ ಸುಸ್ ಎಂದು ನಿಂತರೆ ಎರಡು ವಾಲ್ವ್‌ಗಳೂ ಬಹುಮಟ್ಟಿಗೆ ಸರಿಯಿವೆ, ಆಗ ಕೆಪಾಸಿಟರ್ ನೋಡಬಹುದು. ಸದ್ದೇ ಬರದಿದ್ದರೆ ಅನ್‌ಲೋಡರ್ ಕಟ್ಟಿಕೊಂಡಿದೆ. ನಿಲ್ಲದೆ ಸೋರುತ್ತಲೇ ಇದ್ದರೆ ಚೆಕ್ ವಾಲ್ವಿನೊಳಗಿನ ಬಿಲ್ಲೆ ಸವೆದಿದೆ ಅಥವಾ ಕಸ ಸಿಕ್ಕಿದೆ. ಯಾವುದನ್ನು ಬಿಚ್ಚುವುದಿದ್ದರೂ ಪ್ಲಗ್ ಕಿತ್ತು, ಗೇಜ್ ಸೊನ್ನೆಗಿಳಿದ ಮೇಲೂ ಟ್ಯಾಂಕಿನ ತಳದಲ್ಲಿ ನೀರು ಬಿಡುವ ಡ್ರೈನ್ ಕಾಕನ್ನು ತೆರೆದೇ ಇಟ್ಟು ಬಿಚ್ಚಿ. ರಿಪೇರಿ ಆಯಿತೋ ಇಲ್ಲವೋ ಎಂಬುದನ್ನು ಮಾತ್ರ ತುಂಬಿದ ಟ್ಯಾಂಕಿನ ಮೇಲೆಯೇ, ಎರಡನೆಯ ಸಲ ತಾನಾಗಿ ಶುರುವಾಗುವುದನ್ನು ಕಂಡೇ ತೀರ್ಮಾನಿಸಿ. ಉದ್ದನೆಯ ತೆಳು ಎಕ್ಸ್‌ಟೆನ್ಶನ್ ವೈರ್ ಬಳಸುತ್ತಿದ್ದರೆ ಅದನ್ನೂ ತೆಗೆಯಿರಿ, ಏಕೆಂದರೆ ವೋಲ್ಟೇಜ್ ಕುಸಿದಾಗಲೂ ಇದೇ ಲಕ್ಷಣ ಕಾಣುತ್ತದೆ. ದೂರ ಬೇಕಿದ್ದರೆ ಗಾಳಿಯ ಹೋಸ್ ಉದ್ದವಾಗಲಿ.

ಹೊಸ ಯಂತ್ರ ಕೊಳ್ಳುವ ಮಾತನ್ನು ನಿರ್ಧರಿಸಬೇಕಾದದ್ದು ಮೋಟರ್ ಅಲ್ಲ, ಟ್ಯಾಂಕ್. ಗಾಳಿಯ ತೇವ ತಳದಲ್ಲಿ ನೀರಾಗಿ ನಿಂತು ಉಕ್ಕನ್ನು ಒಳಗಿನಿಂದ ತಿನ್ನುತ್ತದೆ. ಡ್ರೈನ್ ನೀರಿನೊಡನೆ ತುಕ್ಕಿನ ಚೂರುಗಳು ಬರುತ್ತಿದ್ದರೆ ಪರೀಕ್ಷೆ ಮಾಡಿಸದೆ ಮತ್ತೆ ಗಾಳಿ ತುಂಬಬೇಡಿ. ತಳದಲ್ಲಿ ಸೂಜಿಮೊನೆಯಷ್ಟು ತೂತು ಕಂಡರೂ ವೆಲ್ಡಿಂಗ್, ಎಪಾಕ್ಸಿ ಅಂಟು ಎಂದು ಹೋಗಬೇಡಿ, ಏಕೆಂದರೆ ತೂತಿನ ಸುತ್ತಲಿನ ತಗಡೂ ಅಷ್ಟೇ ತೆಳುವಾಗಿರುತ್ತದೆ, ಅದು ಸೀಳಿದರೆ ಜೀವಕ್ಕೇ ಅಪಾಯ. ಅಂಥ ಟ್ಯಾಂಕಿನ ಗಾಳಿಯನ್ನು ಪೂರ್ತಿ ಬಿಟ್ಟು, ಇನ್ನೊಬ್ಬರು ಬಳಸಲಾಗದಂತೆ ಡ್ರಿಲ್‌ನಿಂದ ಎರಡು ದೊಡ್ಡ ತೂತು ಕೊರೆದು ಗುಜರಿಗೆ ಹಾಕಿ.