ಲಿಮಿಟ್ಸ್ ಪಾಠಕ್ಕೆ ಮೊದಲು ಏನು ಓದಿಕೊಳ್ಳಬೇಕು?

ಸೋಮವಾರಪೇಟೆಯಿಂದ ಬರೆದಿದ್ದೀರಿ. ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂ, ಈಗ ಫಸ್ಟ್ ಪಿಯುಸಿ ಸೈನ್ಸ್. ಲಿಮಿಟ್ಸ್ ಪಾಠದಿಂದ ಕ್ಯಾಲ್ಕುಲಸ್ ಶುರುವಾಗುವ ಮೊದಲು ಹಳೆಯದರಲ್ಲಿ ಯಾವುದನ್ನು ಗಟ್ಟಿ ಮಾಡಿಕೊಳ್ಳಲಿ ಅಂತ ಕೇಳಿದ್ದೀರಿ. ವಿರಾಜಪೇಟೆಯಲ್ಲಿ ಪಿಯುಸಿ ಮಕ್ಕಳಿಗೆ ಗಣಿತ ಹೇಳಿಕೊಡುವವಳಾಗಿ ನನ್ನ ಉತ್ತರ ಇಷ್ಟು: ಡಿರೈವೇಟಿವ್ (ಒಂದು ಕ್ಷಣದ ಬದಲಾವಣೆಯ ದರ) ಫಾರ್ಮುಲಾಗಳನ್ನು ಈಗಲೇ ಬಾಯಿಪಾಠ ಮಾಡಬೇಡಿ. ಬೀಜಗಣಿತ ಮತ್ತು ಫಂಕ್ಷನ್ ಹಿಡಿಯಿರಿ.

ಉತ್ತರಪತ್ರಿಕೆ ತಿದ್ದುವಾಗ ಜಾಸ್ತಿ ಕಾಣುವ ತಪ್ಪು ಕ್ಯಾಲ್ಕುಲಸ್‌ನದ್ದಲ್ಲ. ಮೇಲಿನ ಸಾಲು ಸರಿ ಇರುತ್ತದೆ, ಕೆಳಗೆ 1/(ಎಕ್ಸ್+2) ಅನ್ನು 1/ಎಕ್ಸ್ + 1/2 ಅಂತ ಒಡೆದಿರುತ್ತಾರೆ. ಎಕ್ಸ್ ಜಾಗಕ್ಕೆ 2 ಹಾಕಿ ನೋಡಿ. ಒಂದು ಕಡೆ 1/4, ಇನ್ನೊಂದು ಕಡೆ 1. ಸಂಶಯ ಬಂದಾಗೆಲ್ಲ ಹೀಗೆ ಒಂದು ಸಂಖ್ಯೆ ಹಾಕಿ ಪರೀಕ್ಷಿಸಿ. ಅಪವರ್ತನ, ಭಿನ್ನರಾಶಿ, ವರ್ಗಮೂಲವನ್ನು ಘಾತ 1/2 ಅಂತ ಬರೆಯುವುದು, ಇವು ಕೈಗೆ ಬಂದಿರಬೇಕು.

ಇನ್ನು ಫಂಕ್ಷನ್, ಅಂದರೆ ಒಂದು ಬೆಲೆ ಕೊಟ್ಟರೆ ಒಂದೇ ಉತ್ತರ ಕೊಡುವ ನಿಯಮ. ನಮ್ಮ ಕಡೆ ಕಾಫಿ ತೋಟದ ಮನೆಗಳಲ್ಲಿ ಮಳೆ ಅಳೆದು ಇಂಚು ಲೆಕ್ಕ ಬರೆದಿಡುತ್ತಾರೆ ಅಲ್ವಾ? ಬೆಳಿಗ್ಗೆಯಿಂದ ಒಟ್ಟು ಎಷ್ಟು ಇಂಚು ಬಿತ್ತು ಅನ್ನುವುದು ಸಮಯದ ಫಂಕ್ಷನ್. ಮಳೆ ನಿಂತಾಗ ಅದರ ಗ್ರಾಫ್ ಸಮತಟ್ಟು, ಜೋರಾದಾಗ ಕಡಿದಾಗಿ ಏರುತ್ತದೆ. ಕೆಳಗೆ ಮಾತ್ರ ಇಳಿಯುವುದೇ ಇಲ್ಲ. 8ರಿಂದ 10 ಗಂಟೆಯೊಳಗೆ 1 ಇಂಚು ಬಿದ್ದರೆ, ಸರಾಸರಿ ಗಂಟೆಗೆ ಅರ್ಧ ಇಂಚು. ಗ್ರಾಫ್‌ನಲ್ಲಿ ಆ ಎರಡು ಬಿಂದು ಸೇರಿಸುವ ಗೆರೆಯ ಸ್ಲೋಪ್, ಅಂದರೆ ಗೆರೆ ಎಷ್ಟು ಕಡಿದು ಅನ್ನುವ ಅಳತೆ, ಅದು. ಸರಿಯಾಗಿ 9 ಗಂಟೆಗೆ ಎಷ್ಟು ಜೋರಾಗಿ ಸುರಿಯುತ್ತಿತ್ತು? ಅದನ್ನು ಹೇಳುವುದೇ ಡಿರೈವೇಟಿವ್.

ಈಗ ಇದನ್ನು ಕಾಗದದ ಮೇಲೆ ಮಾಡಿ. ಎಕ್ಸ್ ವರ್ಗದ ಗ್ರಾಫ್‌ನಲ್ಲಿ 3 ಮತ್ತು 3+ಎಚ್ ನಡುವಿನ ಸ್ಲೋಪ್ ಬೇಕು. (3+ಎಚ್)² − 9 ಅನ್ನು ಎಚ್‌ನಿಂದ ಭಾಗಿಸಿದರೆ 6+ಎಚ್. ಎಚ್ ಸೊನ್ನೆಯ ಹತ್ತಿರ ಹೋದಂತೆ ಅದು 6ರ ಹತ್ತಿರ ಹೋಗುತ್ತದೆ. ಈ 6 ಅನ್ನೇ ಲಿಮಿಟ್ ಅನ್ನುವುದು. (3+ಎಚ್)² ಅನ್ನು 9+ಎಚ್² ಅಂತ ಬಿಡಿಸಿದರೆ 6ರ ಬದಲು 0 ಬಂದುಬಿಡುತ್ತದೆ! ಬೀಜಗಣಿತ ಅಂತ ನಾನು ಇಷ್ಟು ಒತ್ತಿ ಹೇಳುವುದು ಇದಕ್ಕೇ. ಬೇರೆ ಬೇರೆ ಸಂಖ್ಯೆ ಇಟ್ಟುಕೊಂಡು ಇದನ್ನೇ ಮತ್ತೆ ಮತ್ತೆ ಮಾಡಿ.

ತ್ರಿಕೋನಮಿತಿಯಲ್ಲಿ ರೇಡಿಯನ್ ಅಭ್ಯಾಸ ಮಾಡಿಕೊಳ್ಳಿ. ಅದು ಕೋನ ಅಳೆಯುವ ಇನ್ನೊಂದು ಮಾನ, 180 ಡಿಗ್ರಿ ಅಂದರೆ ಪೈ ರೇಡಿಯನ್. 30 ಡಿಗ್ರಿ ಅಂದರೆ ಪೈ/6 ಅಂತ ತಟ್ಟನೆ ಹೊಳೆಯಬೇಕು. ಸೈನ್‌ನ ಡಿರೈವೇಟಿವ್ ನೇರವಾಗಿ ಕಾಸ್ ಆಗುವುದು ರೇಡಿಯನ್‌ನಲ್ಲಿ ಮಾತ್ರ. ಕ್ಯಾಲ್ಕುಲೇಟರನ್ನು ರೇಡಿಯನ್‌ಗೆ ಇಟ್ಟು ಸೈನ್ 0.1 ಒತ್ತಿ, ಸುಮಾರು 0.0998 ಬರುತ್ತದೆ. ಕೋನ ಚಿಕ್ಕದಾದಷ್ಟೂ ಕೋನ ಮತ್ತು ಅದರ ಸೈನ್ ಎರಡೂ ಹತ್ತಿರವಾಗುತ್ತವೆ.

ಪ್ಯಾರಾಬೋಲಾ, ಎಲಿಪ್ಸ್, ಪರ್ಮ್ಯುಟೇಷನ್ ಇದಕ್ಕೆ ಬೇಕಿಲ್ಲ. ಲಾಗರಿದಮ್ ಸೆಕೆಂಡ್ ಪಿಯುಸಿಯ ಡಿರೈವೇಟಿವ್‌ಗಳಿಗೆ ಬೇಕು, ಅದನ್ನು ಬೇಸಿಗೆ ರಜೆಯಲ್ಲಿ ನೋಡಿಕೊಂಡರಾಯಿತು.